ಪರಿಮಳ ಬಿಟ್ಟ ಟ್ಯಾಂಕು

ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಹಾಸಿಗೆರಾಣಿ ಅಕ್ಕಾ,

ನಿನ್ನ ಫೋನನ್ನು ಡಾಕ್ಟರಮ್ಮ ಕಿತ್ತಿಟ್ಟುಕೊಂಡರಂತೆ. ಒಳ್ಳೆಯದೇ ಆಯಿತು. ಪಾಪು ಬರುವವರೆಗೆ ಮಗ್ಗುಲು ಬದಲಿಸುವುದಷ್ಟೇ ನಿನ್ನ ಕೆಲಸ, ಬಿಪಿ ಏರಲೇಬಾರದು ಅಂದಿದ್ದಾರೆ. ಆದರೆ ನಿನ್ನೆ ನಿನ್ನನ್ನು ನೋಡಲು ಬಂದ ನಮ್ಮ ಲ್ಯಾಬಿನವರು ಯಾರೋ 'ಟ್ಯಾಂಕು ಕೆಟ್ಟಿದೆ' ಅಂತ ಅರ್ಧ ಮಾತು ಉದುರಿಸಿ ಹೋದರಂತೆ. ಆಮೇಲೆ ನೀನು ಊಟ ಮುಟ್ಟಲಿಲ್ಲವಂತೆ. ಅದಕ್ಕೇ ಪೂರ್ತಿ ಮಾತು ಬರೆದು ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಚಾಟ್‌ನಲ್ಲಾಗಿದ್ದರೆ ನಾಲ್ಕು ಇಮೋಜಿ ಎಸೆದು ಜಾರಿಕೊಳ್ಳುತ್ತಿದ್ದೆ. ಕಾಗದದಲ್ಲಿ ಆ ಸೌಲಭ್ಯ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಬ್ಯಾಕ್ಟೀರಿಯಾ ಸತ್ತಿಲ್ಲ. ಸಕ್ಕರೆ ನೀರು ಕುಡಿದು ದುಂಡಗೆ ಇವೆ. ಗುಲಾಬಿ ಎಣ್ಣೆ ಮಾಡುವುದನ್ನು ಮಾತ್ರ ನಿಲ್ಲಿಸಿವೆ.

ನನಗೆ ಗೊತ್ತೇ ಆಗಲಿಲ್ಲ. ಎಣ್ಣೆ ಅಳೆಯುವುದು ಟ್ಯಾಂಕು ಬರಿದು ಮಾಡಿ ಎಣ್ಣೆ ತೆಗೆಯುವ ದಿನ, ಅಲ್ಲಿಯವರೆಗೆ ಎಷ್ಟು ಬೆಳೆದವು ಅಂತಷ್ಟೇ ನೋಡುತ್ತೇವೆ. ಇನ್ನು ಮೂಗು? ಈ ಟ್ಯಾಂಕಿನ ಹಾಲ್‌ನಲ್ಲಿ ಸ್ವಲ್ಪ ದಿನ ನಿಂತವರ ಮೂಗಿಗೆ ಗುಲಾಬಿ ಹತ್ತುವುದೇ ಇಲ್ಲ. ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂರುವ ಟೈಲರ್ ಆಂಟಿ ಇದ್ದಾರಲ್ಲ, 'ಬಂದಳಪ್ಪ ಮದುಮಗಳು, ಇವತ್ತು ಯಾರ ಜೊತೆ ಮದುವೆ' ಅಂತ ನನ್ನ ಬಟ್ಟೆಯ ಗುಲಾಬಿ ಘಮಕ್ಕೆ ಕಾಲೆಳೆಯುವವರು, ಸೋಮವಾರ ಸುಮ್ಮನೆ ಕೂತಿದ್ದರು. 'ಯಾಕಾಂಟಿ, ಇವತ್ತು ಮದುವೆ ಇಲ್ವಾ' ಅಂದೆ. 'ಎಲ್ಲಿ ತಾಯಿ, ಈಗೀಗ ನೀನು ಘಮ್ ಅನ್ನಲ್ಲ. ಒಗೆಯದೆ ಇರೋ ಕಾಲುಚೀಲದ ಥರ ಇದ್ದೀಯ' ಅಂದರು. ಹಿಂದಿನ ಸೀಟಿನವರೂ ನಕ್ಕರು.

ಓಡಿಬಂದು ಸ್ಯಾಂಪಲ್ ತೆಗೆದು ಮಷೀನಿಗೆ ಕೊಟ್ಟೆ. ಗ್ರಾಫಿನಲ್ಲಿ ಗುಲಾಬಿ ಎಣ್ಣೆಯ ಗೆರೆ ಗೋಪುರದಂತೆ ಏಳಬೇಕಾದ ಜಾಗ ಇಸ್ತ್ರಿ ಹೊಡೆದ ಹಾಗೆ ಸಪಾಟಾಗಿತ್ತು. ಮಷೀನ್ ಕೆಟ್ಟಿರಲಿ ದೇವರೇ ಅಂತ ಬೇಡಿಕೊಂಡು ಮತ್ತೆ ಕೊಟ್ಟೆ. ಮಷೀನ್ ಚೆನ್ನಾಗಿತ್ತು.

ತಪ್ಪು ನನ್ನದು ಅಕ್ಕಾ. ಮುಂದಿನ ಟ್ಯಾಂಕಿಗೆ ಹೆಪ್ಪು ಎತ್ತಿಡುವ ಕೆಲಸ ನನಗೆ ಬಿಟ್ಟು ಹೋಗಿದ್ದೆಯಲ್ಲ. ಸಾಲಾಗಿಟ್ಟ ಫ್ಲಾಸ್ಕುಗಳಲ್ಲಿ ಒಂದು ಮಾತ್ರ ಕುದುರೆಯ ಹಾಗೆ ಓಡುತ್ತಿತ್ತು. ಉಳಿದವು ಮಬ್ಬಾಗುವಷ್ಟರಲ್ಲಿ ಅದು ಹಾಲಿನ ಹಾಗೆ ಗಟ್ಟಿಯಾಗಿತ್ತು. ಅಕ್ಕನಿಗೆ ಸರ್ಪ್ರೈಸ್ ಕೊಡೋಣ ಅಂತ ಅದರಿಂದಲೇ ಹೆಪ್ಪು ಎತ್ತಿದೆ. ಗ್ರೂಪಿನಲ್ಲಿ ಫೋಟೋ ಹಾಕಿ 'ನಮ್ಮ ಚಾಂಪಿಯನ್' ಅಂತ ಬರೆದೆ, ಎಲ್ಲರೂ ಹೆಬ್ಬೆರಳು ಎತ್ತಿದರು. ಅದು ಯಾಕೆ ಅಷ್ಟು ಓಡುತ್ತಿತ್ತು ಅಂತ ಈಗ ಅರ್ಥವಾಗಿದೆ. ಎಣ್ಣೆ ಮಾಡುವುದು ಅವುಗಳ ಪಾಲಿಗೆ ಬಿಟ್ಟಿ ಚಾಕರಿ. ನೀನು ಕಷ್ಟಪಟ್ಟು ಒಳಗೆ ಕೂರಿಸಿದ ಜೀನನ್ನು ಯಾವುದೋ ಒಂದು ಕಳ್ಳ ಬ್ಯಾಕ್ಟೀರಿಯಾ ಮೆಲ್ಲಗೆ ಕಳಚಿ ಬಿಸಾಡಿದೆ. ಹೊರೆ ಇಳಿದ ಮೇಲೆ ಓಡದೆ ಏನು ಮಾಡುತ್ತದೆ? ನಾನು ಆರಿಸಿದ್ದು ಚಾಂಪಿಯನ್ನನ್ನಲ್ಲ, ಕೆಲಸಗಳ್ಳನ ಸಂತಾನವನ್ನು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನೀನು ನನಗೆ ಸುಮ್ಮನೆ ಹೇಳುತ್ತಿರಲಿಲ್ಲ.

ಇನ್ನೂ ಒಂದಿದೆ. ಹೊಸ ಹೆಪ್ಪಿಗೆ ಫ್ರೀಜರಿನಲ್ಲಿ ಜಾಗ ಸಾಲದೆ, ನೀನು ಇಟ್ಟಿದ್ದ ಮೂಲ ಹೆಪ್ಪಿನ ಹಳೆಯ ಸೀಸೆಗಳನ್ನು ತೆಗೆದೆ. ಜೀವ ಇರುವುದನ್ನು ಹಾಗೇ ಕಸಕ್ಕೆ ಹಾಕುವಂತಿಲ್ಲವಲ್ಲ, ಶಿಸ್ತಾಗಿ ಹಬೆಯಲ್ಲಿ ಬೇಯಿಸಿ ಬಿಸಾಡಿದೆ. ಮ್ಯಾನೇಜರ್ ಸರ್‌ಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. 'ಆ ಸೀಸೆಗಳಲ್ಲಿ ನಿಮ್ಮಕ್ಕನ ಆರು ವರ್ಷ ಇತ್ತಲ್ಲಮ್ಮಾ' ಅಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು. ಆಗಿನಿಂದ ಫ್ರೀಜರ್ ಬಾಗಿಲನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ.

ಆದರೆ ನೀನು ಹೆದರಬೇಡ. ಒಂದು ಸೀಸೆ ಉಳಿದಿದೆ. ಹಿಂದಿನ ಮೂಲೆಯಲ್ಲಿ ಮಂಜಿಗೆ ಅಂಟಿಕೊಂಡಿತ್ತು, ಮೇಲೆ ನಿನ್ನದೇ ಕೋಳಿಕಾಲಿನ ಅಕ್ಷರ. ಬೆಳಿಗ್ಗೆ ಎಬ್ಬಿಸಿದ್ದೇನೆ. ಆಕಳಿಸಿಕೊಂಡು ನಿಧಾನಕ್ಕೆ ಬೆಳೆಯುತ್ತಿದೆ. ನಿಧಾನ ಅಂದರೆ ಹೊರೆ ಹೊತ್ತಿದೆ, ಕೆಲಸ ಮಾಡುತ್ತಿದೆ ಅಂತಲೇ ಅಲ್ಲವಾ. ನೀನು ಊಟ ಮಾಡು, ಎಡಕ್ಕೆ ಮಲಗು, ಪಾಪುವಿನ ಜೊತೆ ಮಾತಾಡು. ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಮೊಟ್ಟಮೊದಲ ಫ್ಯಾನ್,
ಚೂಟಿ

ಮತ್ತೊಂದು ಮಾತು: ಭಾವ, ಈ ಎರಡನೇ ಹಾಳೆ ನಿಮಗೆ. ಮೊದಲನೆಯದನ್ನು ಅವಳಿಗೆ ಓದಿ ಹೇಳಿ, ಇದನ್ನು ಜೇಬಿನಲ್ಲಿಡಿ. ಉಳಿದ ಸೀಸೆ ಅನ್ನುವುದು ಇಲ್ಲ. ಮೂಲೆಯಲ್ಲಿ ಮಂಜು ಬಿಟ್ಟು ಬೇರೇನೂ ಇರಲಿಲ್ಲ, ಬೆರಳು ಮರಗಟ್ಟುವವರೆಗೆ ಕೆರೆದು ನೋಡಿದೆ. ಅವಳು ಬೇರೆ ಯಾವುದಾದರೂ ಲ್ಯಾಬಿನಲ್ಲಿ, ಯಾರಾದರೂ ಗೆಳತಿಯ ಹತ್ತಿರ ಅಂಥ ಸೀಸೆ ಒಂದನ್ನು ಕೊಟ್ಟಿಟ್ಟಿದ್ದಾಳಾ ಅನ್ನುವುದು ಅವಳೊಬ್ಬಳಿಗೇ ಗೊತ್ತು. ನೇರವಾಗಿ ಕೇಳಿದರೆ ಇಲ್ಲಿ ಏನೂ ಉಳಿದಿಲ್ಲ ಅಂತ ಅವಳಿಗೆ ತಿಳಿದುಹೋಗುತ್ತದೆ. ಓದಿ ಮುಗಿಸಿದ ಮೇಲೆ, ಸುಮ್ಮನೆ ಮಾತಿಗೆ ಅನ್ನುವ ಹಾಗೆ, 'ಅಷ್ಟು ದೊಡ್ಡ ಕೆಲಸಕ್ಕೆ ಅದೊಂದೇ ಸೀಸೆನಾ, ಬೇರೆ ಕಡೆ ಇಟ್ಟಿಲ್ವಾ' ಅನ್ನಿ. 'ಇಡದೆ ಇರ್ತೀನಾ, ನಾನೇನು ದಡ್ಡಿನಾ' ಅಂತ ಅವಳು ನಿಮ್ಮನ್ನು ಬೈದರೆ, ತಕ್ಷಣ ಹೊರಗೆ ಬಂದು ನನಗೆ ಫೋನ್ ಮಾಡಿ. 'ಇಲ್ಲ ರೀ, ಪುಣ್ಯಕ್ಕೆ ಅದೊಂದಾದ್ರೂ ಉಳೀತಲ್ಲ' ಅಂದರೆ, ಫೋನ್ ಬೇಡ. ಅವಳ ಪಕ್ಕದಲ್ಲೇ ಕೂತಿರಿ.