ಕಡ ತಂದ ಗಂಡನ ಹೆಸರು

ಅಕ್ಕಾ, ಸಲಾಮು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದೇವೆ.

ಭಾರತದ ಹೊಟ್ಟೆಯೊಳಗೆ ಬಾಂಗ್ಲಾದ ತುಣುಕಾಗಿ ಬಿದ್ದಿದ್ದ ನಮ್ಮೂರು, ಎರಡೂ ಸರ್ಕಾರಗಳು ಹಠ ಬಿಟ್ಟ ಮೇಲೆ, ಈಗ ಭಾರತವೇ. ಹಾಗಾಗಿ ಈ ಸಲ ತಲೆಯೆತ್ತಿಕೊಂಡು ಆಸ್ಪತ್ರೆಗೆ ಬಂದೆ. ಆದರೆ ನರ್ಸಮ್ಮ ಗಂಡನ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಪಕ್ಕದೂರಿನ ಬೆಲಾಲ್ ಭಾಯಿಯ ಹೆಸರು. ಭಾರತದವರನ್ನಷ್ಟೇ ಇಲ್ಲಿ ಸೇರಿಸಿಕೊಳ್ಳುತ್ತಿದ್ದರೆಂದು, ಹಿಂದಿನೆರಡು ಹೆರಿಗೆಗೂ ಭಾರತದವರಾದ ಅವರ ಹೆಸರನ್ನೇ ಕಡ ತಂದಿದ್ದೆನಲ್ಲ.

"ನಾನಿಲ್ಲೇ ನಿಂತಿದೀನಲ್ಲೇ," ಅಂದರು ನಮ್ಮವರು. ಆಮೇಲೆ ವಾರ್ಡಿಗೆಲ್ಲ ಕೇಳುವಂತೆ, "ಬರ್ಕೊಳ್ಳಿ, ಮೊಫಿಜುಲ್ ಮಿಯಾ" ಎಂದರು.

ಸಂಜೆ ಬೆಲಾಲ್ ಭಾಯಿ ರಸಗುಲ್ಲ ತಂದರು. "ಇವಳು ನಿನ್ನವಳೇ ಕಣಯ್ಯಾ. ದೊಡ್ಡವರಿಬ್ರು ಸ್ಕೂಲ್ ದಾಖಲೇಲಿ ನನ್ ಮಕ್ಕಳು, ವಾಪಸ್ ಕೊಡಲ್ಲ."

"ಇಟ್ಕೊಳ್ಳಿ ಭಾಯಿ, ಮದುವೇನೂ ನೀವೇ ಮಾಡ್ಸಿ," ಅಂದರು ಇವರು.

ಮಗಳು ಎದ್ದಳು, ಈ ಅಂಚೆ ಕಾರ್ಡೂ ತುಂಬಿತು.

ಮೊಫಿಜುಲ್ ಮಿಯಾರ ಹೆಂಡತಿ,
ಮೊಮೆನಾ