ಬೆಳ್ಳ್ಯಾನ ಕೆಂಪು ಕಾಲುಗಳ ವಿಚಾರಣೆ

“ಕಾಲಿನ ಕೆಂಪೇ ಸಾಕ್ಷಿ” ಎಂದಿರೋ, “ಕೆಂಪು ಕಾಲೇ ಸಾಕ್ಷಿ” ಎಂದಿರೋ, ಸರಿಯಾಗಿ ನೆನಪಿಲ್ಲ, ಸುರಪುರದ ಮಾನ್ಯ ತಹಸೀಲ್ದಾರ ಸಾಹೇಬರೇ. ಹೇಗೆ ಅಂದಿದ್ದರೂ, ಆ ಒಂದೇ ಮಾತಿಗೆ ಮೀನು ಮಾರುವ ದುರಗಮ್ಮನ ಬಿಳಿ ನಾಯಿ ಬೆಳ್ಳ್ಯಾನಿಗೆ ಗುಂಡಿನ ಶಿಕ್ಷೆಯಾಗಿದೆ. ಮೇಲಿನ ಸಾಹೇಬರ ಬೇಟೆಗೆಂದು ಬೋನಾಳ ಕೆರೆಯಲ್ಲಿ ಕಾಯ್ದಿಟ್ಟಿದ್ದ ಬಾತುಗಳು ಕಾಣೆಯಾಗಿವೆ, ಅವನ್ನು ಅದೇ ತಿಂದಿತೆಂಬುದು ಆರೋಪ. ಸಂತೆಯ ದಿನವೇ ಹೊಡೆಸುತ್ತೀರಂತೆ. ಉಳಿದ ನಾಯಿಗಳಿಗೆ ಬುದ್ಧಿ ಬರಲೆಂದೇ?

ಆ ಸಾಹೇಬರ ಸ್ವಾಗತಕ್ಕೆ ತಾವು ಕಚೇರಿಯ ಅಂಗಳದ ತುಂಬ ಸುಣ್ಣದ ಪುಡಿ ಹರಡಿಸಿದಿರಿ. ದುರಗಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿದರೆ ಬೆಳ್ಳ್ಯಾ ಒಳಗೆ ಬಂದು ಆ ಸುಣ್ಣದಲ್ಲೇ ಮಲಗುತ್ತಿತ್ತು. ಬೆರಳ ಸಂದಿಯ ಚರ್ಮ ಉರಿದು ತುರಿಸಿತು, ನೆಕ್ಕಿಕೊಂಡಿತು. ಹಗಲೆಲ್ಲ ನೆಕ್ಕಿದರೆ ಜೊಲ್ಲಿಗೇ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಯಾದಗಿರಿಯಲ್ಲಿ ನಾನು ಸಾಕಿದ್ದ ಬಿಳಿ ನಾಯಿಗೂ ಮಳೆಗಾಲದ ಕೆಸರಿಗೆ ಹೀಗೇ ಆಗುತ್ತಿತ್ತು. ಅದು ಜನ್ಮದಲ್ಲಿ ಬೇಟೆಯಾಡಿದ್ದು ನನ್ನ ಚಪ್ಪಲಿಗಳನ್ನು ಮಾತ್ರ.

ತಮ್ಮೆದುರೇ ಬೆಳ್ಳ್ಯಾನ ಕಾಲು ತೊಳೆದು ತೋರಿಸಿದೆ, ಕೆಂಪು ಹೋಗಲಿಲ್ಲ. ನೀರು ಹೊಯ್ದ ಜವಾನ ಲಾಡ್ಲೇಸಾಬ, “ರಕ್ತ ಆಗಿದ್ರ ಬಿಡ್ತಿತ್ತಲ್ರಿ ಸಾಹೇಬ್ರ” ಎಂದ. ತಾವು ಎಲೆಯಡಿಕೆ ಅಗಿಯುತ್ತ ತೀರ್ಪಿತ್ತಿರಿ: “ತೊಳದ್ರೂ ಹೋಗವಲ್ದು ಅಂದ್ರ ಹಳೇ ಗುನ್ಹೆಗಾರ ಐತಿ!”

“ಹಂಗಾರ ನನ್ನ ಗಡ್ಡಕ್ಕೂ ಗುಂಡು ಐತೇನ್ರಿ?” ಎಂದು ಲಾಡ್ಲೇಸಾಬ ತನ್ನ ಮದರಂಗಿ ಗಡ್ಡ ಸವರಿಕೊಂಡ.

ದುರಗಮ್ಮ ನಗಲಿಲ್ಲ. “ನಸುಕಿನಾಗ ಮೀನ ಹಿಡಿಯೋ ಬಲಿ ತೆಗ್ಯಾಕ ಹೋದ್ರ ಅದs ನನಗ ಜೋಡಿ ಬರೂದ್ರಿ ಯಪ್ಪಾ. ಹಾವ ಕಂಡ್ರ ಬೊಗಳತೈತಿ. ಅದನ್ನ ಹೊಡದ್ರ ನಾ ಯಾರ ಕೂಡ ಹೋಗ್ಲಿ?”

ಈಗ ಬೆಳ್ಳ್ಯಾನನ್ನು ಅದೇ ಸುಣ್ಣದ ಅಂಗಳದಲ್ಲಿ ಕಟ್ಟಿಸಿದ್ದೀರಿ. ನಿನ್ನೆ ನೋಡಿದೆ, ಹಿಂಗಾಲುಗಳೂ ಕೆಂಪಾಗಿವೆ. ಸಾಕ್ಷಿ ಗಟ್ಟಿಯಾಯಿತೆಂದು ತಾವು ಹಿಗ್ಗಿದಿರಂತೆ. ಹಗ್ಗದಲ್ಲಿರುವ ನಾಯಿ ಕಚೇರಿಯ ಕಾವಲಿನಲ್ಲೇ ಬಾತು ತಿಂದಿತೆಂದರೆ ಕಾವಲಿನವರಿಗೆ ಯಾವ ಶಿಕ್ಷೆ? ತಮ್ಮ ಬೆರಳ ತುದಿಯ ಎಲೆಯಡಿಕೆ ಕಾಚಿನ ಕೆಂಪನ್ನು ನಾನೆಂದೂ ಕೊಲೆಯೆಂದು ಬಗೆದವನಲ್ಲ.

ಬೆಳ್ಳ್ಯಾನನ್ನು ಬಿಟ್ಟುಬಿಡಿ. ಹಾಗೆ ಬಿಡುವುದು ತಮ್ಮ ಗೌರವಕ್ಕೆ ಕುಂದೆನಿಸಿದರೆ ಬೇವಿನ ನೆರಳಿನ ಬರಿ ಮಣ್ಣಿನಲ್ಲಿ ಕಟ್ಟಿಸಿ, ಕಾಲು ತೊಳೆಸಿ ಒರೆಸಿ, ಹೊಸ ಕೂದಲು ಬರುವ ತನಕ ಗುಂಡು ತಡೆಯಿರಿ. ಬಿಳಿಯ ಕೂದಲು ಬಂದರೆ ಬಿಡುಗಡೆ ಮಾಡಿ.

ಇಂತಿ,
ಕಾಲು ತೊಳೆಯಹೋಗಿ ಆರೋಪವನ್ನೇ ಗಟ್ಟಿ ಮಾಡಿದ
ಬಸವಂತ್ರಾಯ

ಇನ್ನೊಂದು ಮಾತು ತಮಗಲ್ಲ. ಬೇಸಿಗೆಯ ಬಿಸಿಲೇರಿದೊಡನೆ, ಪ್ರತಿ ವರ್ಷದಂತೆ, ಬೋನಾಳದಿಂದ ದೂರದೇಶಕ್ಕೆ ಹಾರಿಹೋದ ಬಾತುಗಳೇ, ಹೊರಡುವ ಮುನ್ನ ಕಚೇರಿಗೆ ಒಂದು ಮಾತು ಹೇಳಿ ಹೋಗಬಾರದಿತ್ತೇ?