ಗುಮ್ಮನಿಗೆ ಊಟ ಹಾಕಬಾರದು

ಜೂನ್ 3, ಮಂಗಳವಾರ

ಇವತ್ತೂ ಹಾಲ್‌ನಲ್ಲಿ ಅವನೇ. ಸೋಫಾದ ತುದಿಯಲ್ಲಿ, ಮಂಡಿ ಜೋಡಿಸಿಕೊಂಡು, ಅಮ್ಮ ಕೊಟ್ಟ ಸ್ವೆಟರ್ ಹಾಕಿಕೊಂಡು. ನಾನು ಕೆಲಸಕ್ಕೆ ಹೊರಡುವಾಗ ಮೊಟ್ಟೆ ತಿನ್ನುತ್ತಿದ್ದ. ವಾಪಸ್ ಬಂದಾಗ ಸೂಪ್. ಮನುಷ್ಯ ಅಂದಮೇಲೆ ಸ್ವಲ್ಪ ಸಂಕೋಚ ಬೇಡವೇ... ಮನುಷ್ಯ ಅಲ್ಲ, ಸರಿ. ಆದರೂ.

ಅವನು ಬಂದದ್ದು ಅಜ್ಜಿಯನ್ನು ಕರೆದುಕೊಂಡು ಹೋಗಲು. ಕೆಳಗಿನ ಲೋಕದವನು. ನದಿ, ದೋಣಿ, ಸತ್ತವರ ಊರು, ಬಾಗಿಲು ಕಾಯುವ ಮೂರು ತಲೆಯ ನಾಯಿ — ಎಲ್ಲ ಇದೆಯಂತೆ. ಹೋದ ವಾರ ಬಾಗಿಲು ತಟ್ಟಿ, "ಒಳಗೆ ಹಿರಿಯರೊಬ್ರು ಕಾಯ್ತಾ ಇದ್ದಾರೆ ಅನ್ಸುತ್ತೆ" ಎಂದ, ಬಹಳ ವಿನಯದಿಂದ. ಅಮ್ಮ ಕಾರ್ಖಾನೆ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಸೌಟು ಹಿಡಿದವಳು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿದ ಚರಿತ್ರೆಯೇ ಇಲ್ಲ. "ಕೂತ್ಕೊಳ್ಳಪ್ಪಾ, ಮುಖ ಬಾಡಿಹೋಗಿದೆ" ಎಂದು, ಅಜ್ಜಿಗೆ ಬಿಡಿಸಿಟ್ಟಿದ್ದ ದಾಳಿಂಬೆಯ ಬಟ್ಟಲನ್ನೇ ಕೈಗಿಟ್ಟಳು. ತಿಂದ. ಬೇಡ ಅನ್ನಲು ಬಾಯಿ ಬರಲಿಲ್ಲವಂತೆ.

ಈಗ ಹೋಗುವ ಹಾಗಿಲ್ಲ. ಇಲ್ಲಿಂದ ಹೋದವರು ಅಲ್ಲಿ ತಿಂದರೆ ಅಲ್ಲೇ. ಅಲ್ಲಿಂದ ಬಂದವನು ಇಲ್ಲಿ ತಿಂದರೆ ಇಲ್ಲೇ. ಬೆಳಗಿನಿಂದ ಸಂಜೆಯವರೆಗೆ ಒಂದು ದಿನ ಪೂರ್ತಿ ಹೊಟ್ಟೆ ಖಾಲಿ ಇದ್ದರೆ ಮಾತ್ರ ದಾರಿ ತೆರೆಯುತ್ತದೆ. ಅಮ್ಮ ಇರುವ ಮನೆಯಲ್ಲಿ ಖಾಲಿ ಹೊಟ್ಟೆ. ಆದ ಹಾಗೇ ಇದೆ.

"ನಮ್ಮ ಯಜಮಾನ್ರ ಹೆಂಡ್ತೀನೂ ಇದೇ ಹಣ್ಣು ತಿಂದು ಕೆಳಗೇ ಸಿಕ್ಕಿಹಾಕ್ಕೊಂಡಿದ್ದು" ಎನ್ನುತ್ತಾನೆ. ಗೊತ್ತಿದ್ದೂ ತಿಂದೆಯಾ ಎಂದರೆ ತಲೆ ಕೆರೆದುಕೊಳ್ಳುತ್ತಾನೆ.

ಚಿಕ್ಕವಳಿದ್ದಾಗ ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಗುಮ್ಮ ಎಂದರೆ ಇದಾ? ಹತ್ತೊಂಬತ್ತರ ಹುಡುಗನ ಹಾಗಿದ್ದಾನೆ. ರೆಪ್ಪೆ ಅಷ್ಟು ಉದ್ದ ಇರಬೇಕಾದ ಅಗತ್ಯವೇನಿತ್ತೋ.

ಜೂನ್ 4, ಬುಧವಾರ

"ಕೂತು ಕೂತು ಹುಡುಗನಿಗೆ ಬೇಜಾರಾಗುತ್ತೆ, ಅಂಗಡಿಗೆ ಕರ್ಕೊಂಡ್ಹೋಗು" — ಅಮ್ಮನ ಅಪ್ಪಣೆ. ನನ್ನ ಬೇಜಾರು ಯಾರಿಗೂ ಲೆಕ್ಕಕ್ಕಿಲ್ಲ.

ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ ಅವನಿಗೆ ಎಲ್ಲವೂ ಆಶ್ಚರ್ಯ. ಮಷೀನಿನ ಗಾಜಿನ ಮೇಲೆ ಕೈ ಇಟ್ಟ. ಬಟನ್ ಒತ್ತಿದೆ. ಹಾಳೆ ಬೆಳ್ಳಗೆ ಬಂತು. ಟೋನರ್ ಮುಗಿದಿರಬೇಕು ಎಂದು ಅಂಗಡಿಯವರು ನನ್ನ ಮೇಲೆ ರೇಗಿದರು. ಅವನು ಹಾಳೆಯನ್ನು ಮಗುಚಿ ಮಗುಚಿ ನೋಡಿದ. "ಅಂದ್ರೆ ನಾನು ಇಲ್ಲಿ ಇಲ್ವಾ?"

ಪಾಪ ಅನಿಸಿತು. ಅವನ ಕೈ ಹಿಡಿದು ಮತ್ತೆ ಗಾಜಿನ ಮೇಲಿಟ್ಟೆ. ಬಂದದ್ದು ನನ್ನ ಕೈ ಮಾತ್ರ. ಬೆರಳು ಮಡಚಿಕೊಂಡು, ಏನನ್ನೋ ಹಿಡಿದ ಹಾಗೆ. ಹಾಳೆಯನ್ನು ಬ್ಯಾಗಿಗೆ ತುರುಕಿದೆ. ಯಾಕೆ ಎಂದು ಕೇಳಬೇಡ. ಯಾರಿಗೆ ಕೇಳಬೇಡ ಅನ್ನುತ್ತಿದ್ದೇನೋ.

ಜೂನ್ 7, ಶನಿವಾರ

ಅಜ್ಜಿಯನ್ನು ನೋಡಲು ಡಾಕ್ಟರ್ ಬಂದಿದ್ದರು. ನಾಡಿ ನೋಡಿದರು, ರಿಪೋರ್ಟ್ ನೋಡಿದರು, ಮತ್ತೆ ನಾಡಿ ನೋಡಿದರು. "ಈ ಸ್ಥಿತೀಲಿ ಇಷ್ಟು ದಿನ..." ಎಂದು ರಿಪೋರ್ಟ್ ಮಡಚಿದರು. ನೋವಿನ ಇಂಜೆಕ್ಷನ್ ಇನ್ನು ಕೆಲಸ ಮಾಡುವುದಿಲ್ಲವಂತೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು, "ಸಾಕಾಗಿದೆ ಕಣೇ ಪುಟ್ಟಿ. ಯಾಕೆ ಹಿಡ್ಕೊಂಡಿದ್ದೀರಿ ನನ್ನ?" ಎಂದಳು. ಹಾಲ್‌ನಲ್ಲಿ ಅವನು ಬ್ರೆಡ್ ಅಗಿಯುವುದು ಕೇಳಿಸುತ್ತಿತ್ತು.

ಅಡುಗೆಮನೆಗೆ ಹೋದೆ. "ಗೊತ್ತಿದ್ದೇ ಬಡಿಸ್ತಿದೀಯಾ?"

"ಬಂದೋರಿಗೆ ಊಟ ಹಾಕೋದು ತಪ್ಪಾ?"

"ಅಮ್ಮ."

ಸೌಟು ಕೆಳಗಿಟ್ಟಳು. "ನಿನಗೆ ನಿನ್ನಮ್ಮ ಇದ್ದಾಳೆ. ನನಗೂ ನಮ್ಮಮ್ಮ ಇರ್ಲಿ ಬಿಡು."

ಸಿಟ್ಟಲ್ಲಿ ಬಾಗಿಲು ದಡಾರನೆ ಹಾಕಿದೆ. ಅಷ್ಟೇ ಕೈಲಾದದ್ದು.

ಜೂನ್ 8, ಭಾನುವಾರ

ಇವತ್ತು ಉಪವಾಸ ಎಂದು ಗುಮ್ಮ ಘೋಷಿಸಿದ. ಹನ್ನೊಂದರವರೆಗೆ ತಡೆದ. ಅಮ್ಮ ಈರುಳ್ಳಿ ಹುರಿದಳು. ಮುಗಿಯಿತು ಕಥೆ.

ಟೆರೇಸಿಗೆ ಎಳೆದುಕೊಂಡು ಹೋಗಿ ಚೆನ್ನಾಗಿ ಬೈದೆ. ಬೆನ್ನುಮೂಳೆ ಇಲ್ಲವಾ, ಬೇಡ ಅನ್ನುವ ಎರಡಕ್ಷರ ಬರುವುದಿಲ್ಲವಾ, ಇದು ಒಂದು ಡ್ಯೂಟಿಯಾ. ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ.

"ಕೆಳಗೆ ಯಾರೂ ಇನ್ನೊಂಚೂರು ಹಾಕ್ಕೋ ಅಂತ ಹೇಳಲ್ಲ" ಎಂದ. ಆಮೇಲೆ, "ಅದೂ ಅಲ್ಲದೆ, ಹೋದ್ರೆ ನಿನ್ನ ನೋಡೋಕಾಗಲ್ಲ."

ಇದನ್ನು ಹೇಳಲು ಇವತ್ತೇ ಬೇಕಿತ್ತಾ. ನಾನು ಬೈಯುತ್ತಿರುವಾಗಲೇ ಬೇಕಿತ್ತಾ.

ಮುತ್ತು ಕೊಟ್ಟೆ. ನಾನೇ. ತಣ್ಣಗಿದ್ದ. ಇನ್ನು ಬರೆಯುವುದಿಲ್ಲ.

ಜೂನ್ 14, ಶನಿವಾರ

ಈ ವಾರ ಬರೆಯಲಿಲ್ಲ. ಖುಷಿಯಾಗಿದ್ದೆ. ಪಕ್ಕದ ರೂಮಿನಲ್ಲಿ ಅಜ್ಜಿ ನರಳುತ್ತಿದ್ದಳು, ನಾನು ಖುಷಿಯಾಗಿದ್ದೆ.

ಅಮ್ಮನಿಗೆ ಇವತ್ತು ಬೆಳಗಿನಿಂದಲೇ ಕ್ಯಾಂಟೀನಿನಲ್ಲಿ ಡಬಲ್ ಶಿಫ್ಟ್. ಅವನು ಏನೂ ಮುಟ್ಟಿರಲಿಲ್ಲ. ಹಲ್ಲು ಕಚ್ಚಿ ಕೂತಿದ್ದ, ಪಾಪ, ನಾನು ಬೈದದ್ದಕ್ಕೆ. ಕಿಟಕಿಯಲ್ಲಿ ಬಿಸಿಲು ಇನ್ನೇನು ಆರಬೇಕು. ಗೋಡೆಯಲ್ಲಿ, ಕ್ಯಾಲೆಂಡರ್ ಪಕ್ಕ, ಒಂದು ಸೀಳು ಕಾಣಿಸಿತು. ಕತ್ತಲೆ, ಒದ್ದೆ ಗಾಳಿ, ಎಲ್ಲೋ ನಾಯಿ ಬೊಗಳಿದ್ದು. ಅವನು ಎದ್ದು ನಿಂತ.

ಬ್ರೆಡ್ಡಿಗೆ ಬೆಣ್ಣೆ ಸವರಿ ಕೈಗೆ ಕೊಟ್ಟೆ. ಅಮ್ಮ ಅಲ್ಲ. ನಾನು.

ನನ್ನ ಮುಖ ನೋಡಿದ, ಬ್ರೆಡ್ ನೋಡಿದ, ತಿಂದ. ಸೀಳು ಮುಚ್ಚಿತು. ಅಷ್ಟರಲ್ಲೇ ಅಜ್ಜಿ ಕಿರುಚಿದಳು. ಇನ್ನೂ ನಿಂತಿಲ್ಲ. ದಿಂಬು ಕಿವಿಗೆ ಒತ್ತಿಕೊಂಡರೂ ಕೇಳುತ್ತಿದೆ. ಅಮ್ಮನನ್ನು ಬೈಯಲು ನನಗೆ ಇನ್ನು ಯಾವ ಮುಖವಿದೆ. ಅವಳಾದರೂ ತನ್ನ ಅಮ್ಮನಿಗಾಗಿ ಬಡಿಸಿದಳು.

ಜೂನ್ 16, ಸೋಮವಾರ

ರಜೆ ಹಾಕಿ, ಅಮ್ಮ ಏಳುವ ಮೊದಲೇ ಅವನನ್ನು ಖಾಲಿ ಹೊಟ್ಟೆಯಲ್ಲೇ ಹೊರಡಿಸಿದೆ. ಬಸ್ ಸ್ಟ್ಯಾಂಡ್ ಹಿಂದಿನ ಪಾರ್ಕ್. ಕಲ್ಲಿನ ಬೆಂಚು. ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಜಗಳವಾಡಿದೆವು. ಮತ್ತೆ ಜಗಳವಾಡಿದೆವು.

ಮಧ್ಯಾಹ್ನ ಅಮ್ಮ ಬಂದಳು. ಕೈಯಲ್ಲಿ ಡಬ್ಬಿ. ಹೇಗೆ ಪತ್ತೆ ಹಚ್ಚಿದಳೋ. ಇಬ್ಬರ ಮಧ್ಯೆ ಕೂತು ಮುಚ್ಚಳ ತೆಗೆದಳು. ಹಬೆ ಎದ್ದಿತು. ನಾನು ಏನೋ ಹೇಳಲು ಹೋದೆ, ಕೈ ಅಡ್ಡ ಹಿಡಿದಳು.

"ಹಸಿವಾಗಿದೆಯೇನಪ್ಪಾ?"

"ಹೌದಮ್ಮಾ. ತುಂಬಾ."

ಡಬ್ಬಿಯನ್ನೇ ನೋಡುತ್ತಾ ಹೇಳಿದಳು — "ಬೆಳಿಗ್ಗೆ ಅಮ್ಮನ ಮೈ ಒರೆಸ್ತಾ ಇದ್ದೆ. ನನ್ನನ್ನೇ ಅಮ್ಮ ಅಂತ ಕರೆದ್ಲು. ಕಳ್ಸಮ್ಮಾ, ಲೇಟಾಗ್ತಿದೆ, ಎಲ್ಲಾರೂ ಹೋಗಿಬಿಟ್ರು ಅಂದ್ಲು. ಸ್ಕೂಲಿಗೆ ಹೊರಟೋರ ಥರ."

ಮುಚ್ಚಳ ಹಾಕಲು ಹೋದಳು. ಅದು ಸರಿಯಾಗಿ ಕೂರಲಿಲ್ಲ. ನಾನು ಒತ್ತಿ ಹಿಡಿದೆ.

"ಕೈ ಹಿಡ್ಕೊಂಡೇ ಕರ್ಕೊಂಡ್ಹೋಗು ಮಗ" ಎಂದಳು. "ಮೆಟ್ಟಿಲಿಳಿಯೋವಾಗ ಅವಳಿಗೆ ಯಾವಾಗ್ಲೂ ಅವಸರ."

ಅದೇ ದಿನ, ಸಂಜೆ

ಅವನು ಅಜ್ಜಿಯ ರೂಮಿನಲ್ಲಿದ್ದಾನೆ. ಅಮ್ಮ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಒಲೆ ಹಚ್ಚಿಲ್ಲ.

ಒಳಗೆ ಹೋಗುವ ಮುಂಚೆ ಹೇಳಿದ, "ಈ ಮನೆಗೆ ಯಾವತ್ತಿದ್ರೂ ನಾನೇ ಬರೋದು. ನಿನಗೂ ನಾನೇ."

"ಯಾವಾಗ?"

"ತುಂಬಾ ವರ್ಷ ಇದೆ." ಸಮಾಧಾನ ಹೇಳುತ್ತಿದ್ದಾನಂತೆ, ಪೆದ್ದ. ನಾನು ಹಲ್ಲು ಬಿದ್ದ ಮುದುಕಿ, ಇವನು ಇದೇ ಸ್ವೆಟರಿನಲ್ಲಿ. ಹೇಳಿದೆ. "ಗುರುತು ಹಿಡೀತೀನಿ" ಎಂದ. ಗುರುತು ಯಾರಿಗೆ ಬೇಕು. ನನಗೆ ನಾಳೆ ಬೇಕು, ನಾಡಿದ್ದು ಬೇಕು, ಅಂಗಡಿಗೆ ಜೊತೆಗೆ ಬರಬೇಕು.

ಅಜ್ಜಿಯ ನರಳಾಟ ನಿಂತಿದೆ.

"ಪುಟ್ಟೀ, ನನ್ನ ಚಪ್ಪಲಿ ಎಲ್ಲೇ?" ದನಿ ಹಾಸಿಗೆಯಿಂದಲ್ಲ. ಬಾಗಿಲ ಹತ್ತಿರದಿಂದ.

ಚಪ್ಪಲಿ ನಾನು ಕೂತಿರುವ ಮಂಚದ ಕೆಳಗೇ ಇದೆ. ಬರೆಯುತ್ತಿರುವಷ್ಟು ಹೊತ್ತು ಕೈ ಚಾಚಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಕಾಯುತ್ತಿದ್ದಾರೆ. ಕಾಯಲಿ. ಇನ್ನೊಂದು ಸಾಲು.

ಮತ್ತೆ ಕರೆದಳು. ನಗುತ್ತಿದ್ದಾಳೆ, ಅವನೇನೋ ಹೇಳಿರಬೇಕು. ಅವಳು ನಕ್ಕು ಎಷ್ಟು ದಿನವಾಗಿತ್ತು.

ಬಂದೆ ಅಜ್ಜಿ ಅಂದೆ. ಚಪ್ಪಲಿ ಮೇಲೆ ಧೂಳು ಕೂತಿದೆ. ಒರೆಸಿ —